ನಳದುರ್ಗದ ಕಟ್ಟೆ ಮತ್ತು ನಮ್ಮ ಮಕ್ಕಳ ‘ಮಾಡ್’

ದೀಪಾವಳಿ ರಜೆ ಮುಗಿಸಿ ಬಂದ ಇಯತ್ತೆ 7ನೆಯ ಹುಡುಗನೊಬ್ಬ ನನ್ನ ಟೇಬಲ್ ಮೇಲೆ ಒಂದು ಪೆನ್‌ಡ್ರೈವ್ ಇಟ್ಟು, “ಸರ್, ಈ ಸಲ ಕಿಲ್ಲಾ ಮಣ್ಣಾಗ ಕಟ್ಟಿಲ್ರೀ, ಕಂಪ್ಯೂಟರಿನ್ಯಾಗ ಕಟ್ಟೀನಿ” ಅಂದ. ರಜೆಗೆಂದು ಸೋಲಾಪುರದ ಮಾವನ ಮನೆಗೆ ಹೋಗಿದ್ದನಂತೆ. ಅಲ್ಲಿಯ ಲ್ಯಾಪ್‌ಟಾಪಿನಲ್ಲಿ ಹದಿನೈದು ದಿನ ಕೂತು ನಳದುರ್ಗದ ಕೋಟೆ ಕಟ್ಟಿದ್ದಾನೆ. ನಮ್ಮ ಶಾಲೆಯ ಎರಡು ಕಂಪ್ಯೂಟರುಗಳಲ್ಲಿ ಜೀವ ಇರುವುದು ಒಂದಕ್ಕೆ ಮಾತ್ರ. ಅದರಲ್ಲಿ ಹಾಕಿ ನೋಡಿದೆವು. ಕೋಟೆ ಇದೆ, ಬುರುಜು ಇದೆ, ಬೋರಿ ನದಿ ಇದೆ. ಆದರೆ ಗೋಡೆಯೆಲ್ಲ ಬಿಳಿಚಿಕೊಂಡ ಬೂದು ಬಣ್ಣ. “ಇದ್ಯಾವ ಕಲ್ಲಪಾ?” ಎಂದು ಕೇಳಿದರೆ, “ಮಾಡ್‌ನ್ಯಾಗ ಇದ್ದದ್ದ ಇಷ್ಟರೀ ಸರ್. ಅದು ಇಂಗ್ಲೆಂಡ್ ಕಿಲ್ಲಾದ ಕಲ್ಲು” ಎಂದ.

ಆ ಒಂದು ಮಾತೇ ಈ ಲೇಖನಕ್ಕೆ ಕಾರಣ.

ದೀಪಾವಳಿಗೆ ಮಕ್ಕಳು ಮನೆಯ ಮುಂದೆ ಮಣ್ಣಿನ ಕಿಲ್ಲೆ ಕಟ್ಟುವುದು ಮಹಾರಾಷ್ಟ್ರದ ಹಳೆಯ ರೂಢಿ. ಪುಣೆ, ಸಾತಾರೆ ಕಡೆ ಹೆಚ್ಚು, ನಮ್ಮ ಕಡೆ ತುಸು ಕಡಿಮೆ. ಕಲ್ಲು, ಇಟ್ಟಂಗಿ ಪೇರಿಸಿ, ಮೇಲೆ ಹಳೆಯ ಗೋಣಿತಟ್ಟು ಹೊದಿಸಿ, ಕೆಸರು ಬಳಿದು, ಸಾಸಿವೆಯನ್ನೋ ಗೋದಿಯನ್ನೋ ಉಗ್ಗಿದರೆ ಹಬ್ಬದ ಹೊತ್ತಿಗೆ ಗುಡ್ಡ ಹಸಿರಾಗುತ್ತದೆ. ಮೆಟ್ಟಿಲ ಮೇಲೆ ಮಣ್ಣಿನ ಮಾವಳೆಯರು, ತುದಿಯಲ್ಲಿ ಶಿವಾಜಿ ಮಹಾರಾಜರು. ಕನ್ನಡ ಮನೆಗಳಲ್ಲಿ ಇದರ ಜೊತೆಗೆ ಇನ್ನೊಂದು ಇದೆ. ಪಾಡ್ಯದ ದಿನ ನಮ್ಮ ಅವ್ವ ಅಂಗಳದಲ್ಲಿ ಸಗಣಿಯಿಂದ ಹಟ್ಟಿ ಕಟ್ಟಿ, ಅದರೊಳಗೆ ಐದು ಪಾಂಡವರನ್ನು ಕೂರಿಸಿ, ಹೂವು ಮುಡಿಸುತ್ತಿದ್ದಳು. ಸುತ್ತ ಗಿಡ್ಡ ಗೋಡೆ, ಒಂದು ಬಾಗಿಲು, ಒಳಗೆ ದನಕರು. ಅಂದರೆ ಆಟಕ್ಕಾಗಿ ಒಂದು ನೆಲೆ ಕಟ್ಟಿ ಅದಕ್ಕೊಂದು ಕಥೆ ಹೊಂದಿಸುವುದು ನಮ್ಮ ಮಕ್ಕಳಿಗೆ ಕಂಪ್ಯೂಟರು ಕಲಿಸಿದ ವಿದ್ಯೆಯಲ್ಲ.

ಇನ್ನು ‘ಮಾಡ್’ ಎಂದರೇನು? ಮಾಡಿಫಿಕೇಶನ್ ಎಂಬ ಉದ್ದ ಶಬ್ದದ ಗಿಡ್ಡ ರೂಪ. ಒಬ್ಬರು ಮಾಡಿದ ಆಟವನ್ನು ಆಡುವವರೇ ತಿದ್ದಿ, ಅದಕ್ಕೆ ಹೊಸ ಕಲ್ಲು, ಹೊಸ ಬಾಗಿಲು, ಹೊಸ ಪಾತ್ರ ಸೇರಿಸುವುದು. ತಿದ್ದುಪಡಿ ಎನ್ನಬಹುದು. ಆದರೆ ಮಕ್ಕಳಿಗೆ ‘ಮಾಡ್’ ಅಂದರೆ ‘ಮಾಡು’ ಎಂದೇ ಕೇಳಿಸುತ್ತದೆ. ನಮ್ಮ ಕಡೆ ಗೋಡೆಯಲ್ಲಿ ದೀಪ ಇಡುವ ಗೂಡಿಗೆ ಮಾಡ ಎನ್ನುತ್ತೇವಲ್ಲ, ಹಾಗಾಗಿ ಮನೆಯ ಶಬ್ದದಂತೆಯೇ ಕಿವಿಗೆ ಹತ್ತಿತು.

ಇದರ ಇತಿಹಾಸವೂ ಒಂದು ಕೋಟೆಯಿಂದಲೇ ಶುರುವಾಗುತ್ತದೆ. 1981ರಲ್ಲಿ ಅಮೆರಿಕದ ಸೈಲಾಸ್ ವಾರ್ನರ್ ಎಂಬಾತ ‘ಕ್ಯಾಸಲ್ ವುಲ್ಫೆನ್‌ಸ್ಟೈನ್’ ಎಂಬ ಆಟ ಬರೆದ. ಹಿಟ್ಲರನ ಸೈನಿಕರ ಕೋಟೆಯಲ್ಲಿ ಸೆರೆಸಿಕ್ಕವನು ಗುಪ್ತ ಕಾಗದ ಹಿಡಿದು ಹೊರಬೀಳಬೇಕು. ಎರಡು ವರ್ಷದಲ್ಲಿ, 1983ರಲ್ಲಿ, ಕೆಲವು ತರುಣರು ಆ ಸೈನಿಕರನ್ನು ತೆಗೆದು ಅವರ ಜಾಗದಲ್ಲಿ ಟೀವಿ ಕಾರ್ಟೂನಿನ ನೀಲಿ ಬಣ್ಣದ ಸ್ಮರ್ಫ್ ಗೊಂಬೆಗಳನ್ನು ಇಟ್ಟುಬಿಟ್ಟರು. ಕೋಟೆ ಅದೇ, ಕಥೆ ಬೇರೆ! ಮೊದಮೊದಲ ಮಾಡ್‌ಗಳಲ್ಲಿ ಇದನ್ನು ಎಣಿಸುತ್ತಾರೆ. ಬರೀ ಚೇಷ್ಟೆಗಾಗಿ ಮಾಡಿದ್ದು ಎಂಬುದನ್ನು ಗಮನಿಸಬೇಕು. ನಂತರ 1993ರ ಡಿಸೆಂಬರಿನಲ್ಲಿ ‘ಡೂಮ್’ ಬಂತು. ಅದನ್ನು ಮಾಡಿದವರು ಆಟದ ಯಂತ್ರವನ್ನು ಒಂದು ಕಡೆ, ನಕ್ಷೆ, ಚಿತ್ರ, ಸದ್ದುಗಳನ್ನು ಇನ್ನೊಂದು ಫೈಲಿನಲ್ಲಿ ಬೇರೆಯಾಗಿ ಇಟ್ಟರು. ಹೀಗಾಗಿ ತಿದ್ದುವವರು ಮೂಲವನ್ನು ಒಡೆಯಬೇಕಾಗಿಲ್ಲ, ತಮ್ಮ ಫೈಲು ಜೋಡಿಸಿದರೆ ಸಾಕು. ಬೀಗ ತೆಗೆದು ಕೀಲಿಕೈ ಜನರ ಕೈಗೆ ಕೊಟ್ಟಂತಾಯಿತು.

ನನ್ನ ವಯಸ್ಸಿನವರಿಗೆ ಸೈಬರ್ ಕೆಫೆಯ ‘ಏಜ್ ಆಫ್ ಎಂಪೈರ್ಸ್’ ನೆನಪಿರಬೇಕು. ತಾಸಿಗೆ ಇಷ್ಟು ಎಂದು ಕೊಟ್ಟು ಆಡಿದ ಆಟ. 1999ರಲ್ಲಿ ಬಂದ ಅದರ ಎರಡನೆಯ ಭಾಗದಲ್ಲಿ ಬ್ರಿಟನ್, ಜಪಾನ್, ಪರ್ಶಿಯಾ ಎಲ್ಲ ಇದ್ದವು, ಭಾರತ ಇರಲಿಲ್ಲ. ಭಾರತವನ್ನು ಸೇರಿಸಿದವರು ಯಾರು ಗೊತ್ತೇ? ಕಂಪನಿಯಲ್ಲ, ಆಟಗಾರರು. ‘ಫರ್ಗಾಟನ್ ಎಂಪೈರ್ಸ್’ ಎಂಬ ಮಾಡ್ 2012ರಲ್ಲಿ ಭಾರತೀಯರನ್ನು ತಂದಿತು. ಮರುವರ್ಷ ಕಂಪನಿಯೇ ಅದನ್ನು ಒಪ್ಪಿಕೊಂಡು ಅಧಿಕೃತವಾಗಿ ಮಾರಿತು. 2022ರಲ್ಲಿ ಮತ್ತೆ ಒಡೆದು ದ್ರಾವಿಡರು, ಬಂಗಾಳಿಗಳು, ಗುರ್ಜರರು ಎಂದು ಬೇರೆ ಮಾಡಿದರು. ಚಾಲುಕ್ಯ, ಹೊಯ್ಸಳ ಎಂದು ಹುಡುಕಿಕೊಂಡು ಹೋದ ಕನ್ನಡಿಗ ದ್ರಾವಿಡರ ಕೋಣೆಯಲ್ಲೇ ಕೂರಬೇಕು. ಆದರೂ ಬಾಗಿಲು ತೆರೆದದ್ದು ತಿದ್ದುವವರು ಎಂಬುದು ಸಣ್ಣ ಮಾತಲ್ಲ.

ನಮ್ಮ ಹುಡುಗನ ಆಟ ಬೇರೆ. ಸ್ವೀಡನ್ನಿನಲ್ಲಿ 2009ರಲ್ಲಿ ಹುಟ್ಟಿದ ‘ಮೈನ್‌ಕ್ರಾಫ್ಟ್’ ಎಲ್ಲರಿಗೂ ಗೊತ್ತು. ಚೌಕಚೌಕದ ಇಟ್ಟಂಗಿ ಇಟ್ಟು ಲೋಕವನ್ನೇ ಕಟ್ಟುವುದು. 2014ರಲ್ಲಿ ಮೈಕ್ರೋಸಾಫ್ಟ್ ಅದನ್ನು 250 ಕೋಟಿ ಡಾಲರಿಗೆ ಕೊಂಡಿತು. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಅದಕ್ಕೆ ದುಡ್ಡು ಕೊಡಬೇಕು. ಹುಡುಗ ಬಳಸಿದ್ದು ‘ಮೈನ್‌ಟೆಸ್ಟ್’. ಫಿನ್‌ಲೆಂಡಿನವನೊಬ್ಬ 2010ರಲ್ಲಿ ಶುರುಮಾಡಿದ್ದು, 2024ರಿಂದ ಇದರ ಹೆಸರು ‘ಲುವಾಂಟಿ’. ಪೂರ್ಣ ಉಚಿತ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಇದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಮಾಡ್‌ಗಳೇ, ಅವನ್ನು ಬರೆಯುವುದು ಬ್ರೆಜಿಲ್ ದೇಶದಲ್ಲಿ ಹುಟ್ಟಿದ ‘ಲುವಾ’ ಎಂಬ ಸರಳ ಭಾಷೆಯಲ್ಲಿ. ಕೋಟೆಗೆಂದೇ ಬರೆದ ಮಾಡ್‌ಗಳೂ ಸಿಗುತ್ತವೆ. ಆದರೆ ಅವು ಯುರೋಪಿನ ಕೋಟೆಗಳು, ಅಲ್ಲಿಯ ಕಲ್ಲು, ಅಲ್ಲಿಯ ಬಾಗಿಲು. ನಮ್ಮ ಕರಿಕಲ್ಲು ಎಲ್ಲಿಂದ ಬರಬೇಕು?

ಈಗ ನಳದುರ್ಗಕ್ಕೆ ಬರೋಣ. ನಮ್ಮಲ್ಲಿ ಜಳಕೋಟ ಎರಡಿವೆ. ಉದಗೀರದ ಆಚೆ ಲಾತೂರ ಜಿಲ್ಲೆಯ ತಾಲೂಕಿನ ಊರು ಒಂದು, ನಳದುರ್ಗದಿಂದ ಉಮರ್ಗಾಕ್ಕೆ ಹೋಗುವ ಹೈದರಾಬಾದ್ ಹೆದ್ದಾರಿಯ ಮೇಲಿನದು ಇನ್ನೊಂದು. ಎರಡನೆಯದರಿಂದ ಬಸ್ಸು ಹತ್ತಿದರೆ ನಳದುರ್ಗ ಹತ್ತಿರ. ಎಷ್ಟೋ ಸಲ ಸಹಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಪ್ರತಿಸಲವೂ ಒಂದೇ ಪ್ರಶ್ನೆ: “ಸರ್, ಇದು ಯಾರ ಕಿಲ್ಲಾರೀ?”

ಉತ್ತರ ಒಂದೇ ಸಾಲಿನಲ್ಲಿ ಮುಗಿಯುವುದಿಲ್ಲ. ಮೊದಲು ಇಲ್ಲಿ ಇದ್ದದ್ದು ಮಣ್ಣಿನ ಕೋಟೆ, ಕಲ್ಯಾಣದ ಚಾಲುಕ್ಯರ ಅಧೀನದ ಅರಸನದು ಎನ್ನುತ್ತಾರೆ. ಬಹಮನಿ ಸುಲ್ತಾನರು ಕಲ್ಲಿನ ಗೋಡೆ ಎಬ್ಬಿಸಿದರು. ಅವರ ರಾಜ್ಯ ಒಡೆದಾಗ ಕೋಟೆ ವಿಜಯಪುರದ ಆದಿಲಶಾಹಿಗಳ ಪಾಲಿಗೆ ಬಂತು. ಒಂದನೆಯ ಅಲಿ ಆದಿಲಶಾಹ ಅದನ್ನು ಬಲಪಡಿಸಿದ. 1613ರಲ್ಲಿ, ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲಕ್ಕೆ, ಬೋರಿ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ, ಆ ಕಟ್ಟೆಯ ಹೊಟ್ಟೆಯೊಳಗೇ ‘ಪಾಣಿ ಮಹಲ್’ ಮಾಡಿದರು. ಕಟ್ಟೆಯ ಆಚೆ ದಂಡೆಯಲ್ಲಿ ರಣಮಂಡಲ ಎಂಬ ಇನ್ನೊಂದು ಕೋಟೆ. ಮಳೆಗಾಲದಲ್ಲಿ ಕಟ್ಟೆ ತುಂಬಿದಾಗ ನೀರು ನರ, ಮಾದಿ ಎಂಬ ಎರಡು ದಾರಿಯಾಗಿ ಧುಮುಕುತ್ತದೆ. ಒಳಗಿನ ಕೋಣೆಯಲ್ಲಿ ನಿಂತವರ ಮೈ ತೊಯ್ಯುವುದಿಲ್ಲ. 1686ರಲ್ಲಿ ವಿಜಯಪುರ ಬಿತ್ತು, ಮುಂದೆ ಮೊಗಲರು, ಅವರ ನಂತರ ಹೈದರಾಬಾದಿನ ನಿಜಾಮರು. 1853ರಲ್ಲಿ ನಿಜಾಮರು ಈ ಸೀಮೆಯನ್ನು ಇಂಗ್ಲಿಷರಿಗೆ ಒಪ್ಪಿಸಿದಾಗ ಜಿಲ್ಲೆಯ ಅಧಿಕಾರಿಯಾಗಿ ಬಂದವನು ಮೆಡೋಸ್ ಟೇಲರ್. ಹೌದು, ಸುರಪುರದ ವೆಂಕಟಪ್ಪ ನಾಯಕನ ಕಥೆಯಲ್ಲಿ ಬರುವ ಅದೇ ಟೇಲರ್ ಸಾಹೇಬ.

ಅಂದರೆ ಇದನ್ನು ಯಾರೂ ಬರಿ ನೆಲದಿಂದ ಪೂರ್ತಿ ಕಟ್ಟಲಿಲ್ಲ. ಬಂದವರೆಲ್ಲ ಮೊದಲಿದ್ದದ್ದನ್ನು ತಿದ್ದಿದರು. ಮಣ್ಣಿಗೆ ಕಲ್ಲು, ಕಲ್ಲಿಗೆ ತೋಪಿನ ಬುರುಜು, ಬುರುಜಿಗೆ ನೀರು. ನನಗೆ ಕೇಳಿದರೆ ನಳದುರ್ಗ ನಾಲ್ಕೈದು ಮಾಡ್‌ಗಳ ಮೊತ್ತ. ಹುಡುಗನಿಗೆ ಹೀಗೆ ಹೇಳಿದ ಮೇಲೆ ರಾಜವಂಶಗಳ ಪಟ್ಟಿ ಅವನಿಗೆ ಬಾಯಿಪಾಠ ಮಾಡಬೇಕಾಗಲೇ ಇಲ್ಲ.

ಇಬ್ರಾಹಿಂನ ಬಗ್ಗೆ ಇನ್ನೊಂದು ಮಾತು. ಒಂದೇ ಕಲ್ಪನೆ ಹಿಡಿದು ನೆಲೆ ಕಟ್ಟುವ ಹುಚ್ಚು ಅವನಿಗೂ ಇತ್ತು. ಸಂಗೀತದಲ್ಲಿ ಮುಳುಗಿದ್ದ ಈ ಸುಲ್ತಾನನಿಗೆ ‘ನವರಸ’ ಎಂಬ ಶಬ್ದದ ಮೇಲೆ ಬಲು ಪ್ರೀತಿ. ದಖನಿಯಲ್ಲಿ ‘ಕಿತಾಬ್-ಎ-ನೌರಸ್’ ಬರೆದ. 1599ರಲ್ಲಿ ವಿಜಯಪುರದ ಪಕ್ಕದಲ್ಲಿ ನೌರಸಪುರ ಎಂಬ ಊರನ್ನೇ ಕಟ್ಟಲು ಹೊರಟ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ದಾಳಿ ಮಾಡಿ ಅದನ್ನು ಹಾಳುಗೆಡವಿದ. ಅರಸನ ಕನಸಿನ ಊರು ಇಪ್ಪತ್ತೈದು ವರ್ಷ ಬಾಳಿತು, ನೀರಿಗೂ ಕಾವಲಿಗೂ ಬಂದ ನಳದುರ್ಗದ ಕಟ್ಟೆ ಇಂದಿಗೂ ನಿಂತಿದೆ.

ಹುಡುಗನ ಕಟ್ಟೆ ಮಾತ್ರ ನಿಲ್ಲಲಿಲ್ಲ. ನದಿಯ ನೀರು ಬಿಟ್ಟಕೂಡಲೇ ಅವನ ಪಾಣಿ ಮಹಲಿನ ಕಿಟಕಿಯಿಂದ ನೀರು ಒಳನುಗ್ಗಿ ಕೋಣೆಯೆಲ್ಲ ಕೆರೆ. ಮೂರು ದಿನ ಒದ್ದಾಡಿದ. ನಾಲ್ಕನೆಯ ದಿನ ಸಹಲಿನಲ್ಲಿ ತೆಗೆದ ಫೋಟೋ ಕೇಳಿ ತೆಗೆದುಕೊಂಡು ಹೋಗಿ, “ಸರ್, ನೀರು ಬೀಳೋ ಜಾಗಾನ ಬ್ಯಾರೆ, ಮಂದಿ ಕೂಡೋ ಜಾಗಾನ ಬ್ಯಾರೆ ಅದರೀ” ಎಂದು ಕೂಗಿಕೊಂಡು ಬಂದ. ನಾಲ್ಕುನೂರು ವರ್ಷದ ಹಿಂದಿನ ಕುಶಲಕರ್ಮಿಯ ಲೆಕ್ಕ ಅವನಿಗೆ ತಿಳಿದದ್ದು ತನ್ನ ಕೋಣೆ ಮುಳುಗಿದ ಮೇಲೆ.

ಕಲ್ಲಿನ ಪ್ರಶ್ನೆ ಬಗೆಹರಿಸಿದವಳು ಅವನ ವರ್ಗದ ಒಬ್ಬ ಹುಡುಗಿ. ಈ ಆಟದಲ್ಲಿ ಕಲ್ಲಿನ ಮುಖ ಎಂದರೆ ಉದ್ದ 16, ಅಗಲ 16 ಚುಕ್ಕೆಗಳ ಒಂದು ಸಣ್ಣ ಚಿತ್ರ, ಒಟ್ಟು 256 ಚುಕ್ಕೆ. ಆಕೆ ರಂಗೋಲಿಯಲ್ಲಿ ಪಳಗಿದ ಕೈ. ಮೊದಲು ಪಟ್ಟಿಯ ಚೌಕದ ಹಾಳೆಯ ಮೇಲೆ ಬಣ್ಣ ತುಂಬಿದಳು. ಬರೀ ಕಪ್ಪು ಬಳಿದರೆ ಇದ್ದಿಲಿನಂತೆ ಕಾಣುತ್ತಿತ್ತು. ಶಾಲೆಯ ಹಿಂದೆ ಬಿದ್ದ ಕರಿಕಲ್ಲನ್ನು ತಂದು ತೊಳೆದು ನೋಡಿ, ಒಳಗೆ ಕಂದು, ಪಾಚಿ ಹಸಿರು, ಬಿಳಿ ಚುಕ್ಕೆ ಇರುವುದನ್ನು ಕಂಡು ಸೇರಿಸಿದಳು. ನಮ್ಮ ಇಡೀ ಸೀಮೆಯೇ ಲಾವಾರಸ ಆರಿ ಆದ ಬಸಾಲ್ಟ್ ಕಲ್ಲಿನ ಮೇಲೆ ಕೂತಿದೆ ಎಂಬ ಭೂಗೋಲದ ಪಾಠವೂ ಅಂದೇ ಆಯಿತು. ಹಳೆಯ ಚಿತ್ರದ ಜಾಗದಲ್ಲಿ ಹೊಸದನ್ನು ಇಟ್ಟು ಆಟ ತೆರೆದಾಗ ಇಡೀ ಕೋಟೆ ಒಮ್ಮೆಲೇ ಕರಿಕಲ್ಲಾಯಿತು. ವರ್ಗದಲ್ಲಿ ಒಂದು ನಿಮಿಷ ಗದ್ದಲವೇ ಗದ್ದಲ.

ಎಲ್ಲರಿಗೂ ಖುಷಿಯಾಯಿತು ಎನ್ನಲಾರೆ. ಪಾಲಕರೊಬ್ಬರು ಬಂದು, “ಗುರುಜಿ, ಮೊಬೈಲ್ ಬಿಡ್ಸ್ರಿ ಅಂದ್ರ ನೀವ ಆಟ ಹಚ್ಚೀರಲ್ಲ” ಎಂದರು. ಅವರ ಮಾತಿನಲ್ಲಿ ಹುರುಳಿದೆ. ದಿನಕ್ಕೆ ಅರ್ಧ ತಾಸು, ಶಾಲೆಯಲ್ಲೇ, ನನ್ನ ಎದುರಿಗೆ ಎಂದು ನಿಯಮ ಮಾಡಿದ್ದೇನೆ. ಕಂಡಕಂಡ ಕಡೆಯಿಂದ ಮಾಡ್ ಇಳಿಸಿಕೊಂಡರೆ ವೈರಸ್ ಬರುತ್ತದೆ, ಆಟದ ಸ್ವಂತ ಸಂಗ್ರಹದಿಂದಲೇ ಪಡೆಯಬೇಕು ಎಂಬುದನ್ನೂ ಹೇಳಿಕೊಟ್ಟಿದ್ದೇನೆ. ಇನ್ನೊಬ್ಬರ ಆಕ್ಷೇಪಣೆ ಬೇರೆ: “ದೀಪಾವಳಿ ಕಿಲ್ಲಾ ಅಂದ್ರ ರಾಯಗಡ, ಪ್ರತಾಪಗಡ. ನಳದುರ್ಗ ಯಾಕ?” ಮಹಾರಾಜರ ಕಿಲ್ಲೆಗಳ ಮೇಲಿನ ಭಕ್ತಿ ನನಗೂ ಇದೆ. 2025ರ ಜುಲೈಯಲ್ಲಿ ಅಂಥ 12 ಕೋಟೆಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಶಾಲೆಯಲ್ಲಿ ಪೇಢೆ ಹಂಚಿದ್ದೆವು. ಆದರೆ ಮನೆಯ ಹತ್ತಿರದ ಕೋಟೆಯನ್ನು ನಮ್ಮದಲ್ಲ ಎಂದು ಮಗು ಕಲಿತರೆ ನನಗೆ ಒಪ್ಪಿಗೆಯಿಲ್ಲ. ಈ ಸೀಮೆಯ ಗೆರೆಗಳೇ ಎಷ್ಟು ಸಲ ತಿದ್ದುಪಡಿಯಾಗಿವೆ! ಉದಗೀರ, ನಿಲಂಗಾ 1956ರ ನವೆಂಬರ್ 1ರ ತನಕ ಬೀದರ ಜಿಲ್ಲೆಯಲ್ಲಿದ್ದವು, ಆಮೇಲೆ ಉಸ್ಮಾನಾಬಾದಿಗೆ ಸೇರಿದವು, 1982ರಲ್ಲಿ ಲಾತೂರ ಜಿಲ್ಲೆಯಾಯಿತು, ಉಸ್ಮಾನಾಬಾದು 2023ರಲ್ಲಿ ಧಾರಾಶಿವವಾಯಿತು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಬಸ್‌ಸ್ಟ್ಯಾಂಡಿನಲ್ಲಿ ದಖನಿ ಆಡುವ ಮಗುವಿಗೆ ಹಲವು ಕೈಗಳು ಕಟ್ಟಿದ ಕೋಟೆ ಅರ್ಥವಾಗದೆ ಇನ್ನು ಯಾರಿಗೆ ಅರ್ಥವಾದೀತು?

ಕಳೆದ ವಾರ ಮಕ್ಕಳು ಆ ಕರಿಕಲ್ಲನ್ನು ಬೇರೆಯವರಿಗೂ ಸಿಗುವಂತೆ ಒಂದು ಚಿಕ್ಕ ಮಾಡ್ ಮಾಡಿ ಜೋಡಿಸಿದರು. ಅದರೊಡನೆ ಮಾಹಿತಿಯ ಫೈಲು ಒಂದು ಇರುತ್ತದೆ, ಮಾಡಿದವರ ಹೆಸರು ಅದರಲ್ಲಿ ಬರೆಯಬೇಕು. ನಳದುರ್ಗದಲ್ಲಿ ಸುಲ್ತಾನರ ಹೆಸರು ಉಳಿಯಿತು, ಕಲ್ಲು ಕಡಿದವರ ಹೆಸರು ನಮಗೆ ಯಾರೂ ಹೇಳಲಿಲ್ಲ. ಹುಡುಗಿ ಕೀಬೋರ್ಡಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, “ಸರ್, ಹೆಸರು ಕನ್ನಡದಾಗ ಬರೀಲೇನ್ರೀ?” ಎಂದಳು. ಬರಿಯವ್ವಾ ಎಂದೆ. ಒತ್ತಕ್ಷರ ಹುಡುಕಿ ಹುಡುಕಿ ಹೊಡೆದಳು, ಕೆಳಗೆ ಹುಡುಗನ ಹೆಸರನ್ನೂ ಸೇರಿಸಿದಳು.

ಹುಡುಗ ಈಗ ಉದಗೀರದ ಕೋಟೆಗೆ ಕೈ ಹಾಕಿದ್ದಾನೆ, ಸದ್ಯ ಕಂದಕ ಅಗೆಯುತ್ತಿದ್ದಾನೆ. ಹುಡುಗಿಗೆ ಮಾತ್ರ ಕೋಟೆ ಸಾಕಾಗಿದೆಯಂತೆ. ಪಾಂಡವರ ಹಟ್ಟಿ ಮಾಡುತ್ತೇನೆ, ಸಗಣಿಯ ಬಣ್ಣ ಹಸಿಯಿದ್ದಾಗಿನದು ಹಾಕಲೋ ಒಣಗಿದ ಮೇಲಿನದೋ ಎಂದು ಕೇಳುತ್ತಿದ್ದಾಳೆ.