ಗುಡುಗುಡಿಯ ಹೊಗೆ, ಗಿಟಾರಿನ ದನಿ

1991ರಲ್ಲಿ ಇಂಗ್ಲೆಂಡಿನ ‘ಸ್ಕೈಕ್ಲಾಡ್’ ತಂಡ ತನ್ನ ಮೊದಲ ಆಲ್ಬಂ ಹೊರತಂದಿತು. ಕಿವಿಗಡಚಿಕ್ಕುವ ಹೆವಿ ಮೆಟಲ್ ಗಿಟಾರಿನ ಜೊತೆ ಅದರಲ್ಲಿ ಹಳ್ಳಿಯ ಕುಣಿತದ ಪಿಟೀಲೂ ಇತ್ತು. ‘ಫೋಕ್ ಮೆಟಲ್’ ಎಂಬ ಪ್ರಕಾರಕ್ಕೆ ದಾರಿ ಮಾಡಿಕೊಟ್ಟ ಆಲ್ಬಂಗಳಲ್ಲಿ ಅದೂ ಒಂದು. ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ. ಅದು ಮೆಟಲ್ ಅಲ್ಲ, ಜಾನಪದ ರಾಕ್. ಆದರೆ ಎರಡೂ ಕಡೆ ಎದ್ದ ಪ್ರಶ್ನೆ ಒಂದೇ: ಹಳೆಯ ಹಾಡು ಹೊಸ ಗದ್ದಲದಲ್ಲಿ ಉಳಿಯುತ್ತದೆಯೇ?

ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಆ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ವಪದಗಳಿವೆ: ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಇಮಾಮ್ ಸಾಹೇಬರ ಮಗ, ಕಳಸದ ಗೋವಿಂದಭಟ್ಟರ ಶಿಷ್ಯ. ಮೊಹರಮ್ಮಿಗೆ ರಿವಾಯತ್ ಪದ ಕಟ್ಟಿದವರೂ ಅವರೇ. ಹುಕ್ಕಾ, ಸೋರುವ ಮಾಡು, ಸಂತೆ ಹೀಗೆ ಕಣ್ಣೆದುರಿನ ವಸ್ತುಗಳಲ್ಲೇ ಅವರು ದೇಹ, ಮನಸ್ಸುಗಳ ಕಥೆ ಹೇಳಿದರು.

‘ತತ್ವಪದಕ್ಕೆ ಗಿಟಾರು ಯಾಕೆ?’ ಎಂದು ಹಿರಿಯರು ಕೇಳುವುದು ಸಹಜ. ಆದರೆ ಈ ಪದಗಳು ಒಂದೇ ವಾದ್ಯಕ್ಕೆ ಕಟ್ಟಿಹಾಕಿಸಿಕೊಂಡವಲ್ಲ. ಭಜನೆಯ ಏಕತಾರಿ, ತಾಳದಿಂದ ಅವು ಸಿ. ಅಶ್ವತ್ಥ್ ಅವರ ಸುಗಮ ಸಂಗೀತಕ್ಕೆ ಬಂದವು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಅವನ್ನು ಮನೆಮನೆಗೂ ತಂದಿತು. ಗಿಟಾರು ಅದರ ಮುಂದಿನ ಹೆಜ್ಜೆ. 2010ರಲ್ಲಿ ರಘು ದೀಕ್ಷಿತ್ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. ಲುಂಗಿ, ಗೆಜ್ಜೆಯ ಈ ಗಾಯಕ ಹೊರದೇಶಗಳಲ್ಲೂ ಪರಿಚಿತರಾದರು.

ಇದರಲ್ಲಿ ಅಪಾಯವೂ ಇದೆ. ತಾಳಕ್ಕೆ ಕುಣಿಯುವವನಿಗೆ ಹುಕ್ಕಾ ಬರೀ ಹುಕ್ಕಾ ಆಗಿಯೇ ಉಳಿದರೆ, ಉಳಿದದ್ದು ಹಾಡೋ, ಹೊಗೆಯೋ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಶರೀಫರ ಧಾರವಾಡದ ಕನ್ನಡ ತುಳು, ಬ್ಯಾರಿ, ಕೊಂಕಣಿ ಆಡುವ ಮನೆಗಳಿಗೆ ದೂರದ್ದು. ಹಾಡು ಮೊದಲು ಕಿವಿಗೆ ಬೀಳಲಿ. ಅರ್ಥ ಹೇಳುವ ಹೊಣೆ ಕೇಳಿಸಿಕೊಂಡವರದ್ದು.

ನಮ್ಮಲ್ಲೂ ಗದ್ದೆಯ ಪಾಡ್ದನಗಳಿವೆ, ದಫ್ಫಿನ ಬೈತ್‌ಗಳಿವೆ, ಬ್ಯಾರಿ ಮದುವೆಮನೆಯ ಹಾಡುಗಳಿವೆ. ನಾಟಿಗೆ ಯಂತ್ರ ಬಂದಿದೆ, ಮದುವೆ ಹಾಲಿಗೆ ಹೋಗಿದೆ. ಹಾಡುತ್ತಿದ್ದ ಅಜ್ಜಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಇವಕ್ಕೆ ಯಾವ ವಾದ್ಯ ಸಲ್ಲುತ್ತದೆ ಎಂದು ಜಗಳವಾಡಲು ಆಮೇಲೆ ಸಮಯ ಸಿಕ್ಕೀತು. ಶಬ್ದಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದಕ್ಕೆ ಸಿಗಲಾರದು.