ಕಡಲು ದಾಟಿದ ಬಿಸು ಕಣಿ

ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ ತಿಂಗಳ ಪುಟ ತೆರೆದು ನೋಡಿ. 14ರ ಚೌಕದಲ್ಲಿ, ಕೆಲವು ವರ್ಷ 15ರಲ್ಲಿ, 'ಸೌರಮಾನ ಯುಗಾದಿ' ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ನೀವು ಬಂಟ್ವಾಳ, ಬೆಳ್ತಂಗಡಿ ಅಥವಾ ಮೂಡುಬಿದಿರೆಯವರಾಗಿದ್ದರೆ ಅದರ ಮನೆಮಾತಿನ ಹೆಸರು ನಿಮಗೆ ಗೊತ್ತು: ಬಿಸು. ತುಳುವರ ಪಗ್ಗು ತಿಂಗಳ ಮೊದಲ ದಿನ ಅದು.

ಹಿಂದಿನ ರಾತ್ರಿಯೇ ಮನೆಯ ಹಿರಿಯರು ದೇವರ ಮುಂದೆ ಕಣಿ ಇಡುತ್ತಾರೆ. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ವೀಳ್ಯದೆಲೆ, ಅಡಿಕೆ, ಹಿತ್ತಿಲಲ್ಲಿ ಸಿಕ್ಕ ಹಣ್ಣು, ಒಂದಿಷ್ಟು ಚಿನ್ನ, ಹಿಂದೆ ಒಂದು ಕನ್ನಡಿ. ಬೆಳಗ್ಗೆ ಕಣ್ಣು ಬಿಟ್ಟಾಗ ಮೊದಲು ಕಾಣಬೇಕಾದ್ದು ಇದನ್ನೇ. ಮಧ್ಯಾಹ್ನದ ಊಟಕ್ಕೆ ಹೆಸರುಬೇಳೆ ಪಾಯಸ, ಎಳೆಯ ಗೇರುಬೀಜ ಹಾಕಿದ ತೊಂಡೆಕಾಯಿ ಪಲ್ಯ. ಒಮ್ಮೆ ಚಿತ್ರೀಕರಣಕ್ಕೆಂದು ಬಂಟ್ವಾಳದ ಸಮೀಪದ ಒಂದು ಮನೆಗೆ ನಸುಕಿನಲ್ಲೇ ಹೋಗಿದ್ದೆವು. ನಮ್ಮ ಹುಡುಗರು ದೊಡ್ಡ ಲೈಟು ಹಚ್ಚಲು ಹೊರಟಾಗ ಆ ಮನೆಯ ಅಜ್ಜಿ ತಡೆದರು. "ಮಗಾ, ಕಣಿಯನ್ನು ಎಣ್ಣೆ ದೀಪದಲ್ಲೇ ಕಾಣಬೇಕು. ನಿಮ್ಮ ಬೆಳಕು ಆಮೇಲೆ ಇರಲಿ" ಎಂದರು. ನಾವು ಕಾದೆವು.

ಈ ಹಬ್ಬದ ಹೆಸರಿನಲ್ಲೇ ಒಂದು ಪ್ರಶ್ನೆ ಅಡಗಿದೆ. ವಿಜ್ಞಾನ ಓದಿದ ನನ್ನಂಥವನಿಗೆ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. 'ಬಿಸು' ಬಂದದ್ದು 'ವಿಷುವ' ಎಂಬ ಶಬ್ದದಿಂದ. ವಿಷುವ ಎಂದರೆ ಹಗಲಿರುಳು ಸಮನಾಗಿರುವ ದಿನ. ನಮ್ಮ ಹಳೆಯ ಶಾಸನಗಳಲ್ಲಿಯೂ ವಿಷು ಸಂಕ್ರಮಣದಂದು ದಾನ ಕೊಟ್ಟ ಮಾತು ಬರುತ್ತದೆ. ಆದರೆ ಹಗಲಿರುಳು ಸಮನಾಗುವುದು ಮಾರ್ಚ್ 20 ಅಥವಾ 21ರ ಸುಮಾರಿಗೆ! ಹಾಗಾದರೆ ಬಿಸು ಮೂರು ವಾರಕ್ಕೂ ಹೆಚ್ಚು ತಡವಾಗಿ ಬರುವುದೇಕೆ? ಭೂಮಿಯ ಅಕ್ಷ, ತಿರುಗುವ ಬುಗುರಿಯ ಮೊಳೆಯಂತೆ, ಅತಿ ನಿಧಾನವಾಗಿ ಸುತ್ತುತ್ತಿದೆ. ಇದರಿಂದ ನಕ್ಷತ್ರಗಳನ್ನು ಆಧರಿಸಿದ ವರ್ಷವು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದವಾಗಿದೆ. 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ನಮ್ಮ ಪಂಚಾಂಗ ಸೂರ್ಯನು ಮೇಷ ರಾಶಿಗೆ ಬರುವುದನ್ನು ನಕ್ಷತ್ರಗಳಿಂದ ಅಳೆಯುತ್ತದೆ. ಈಗಿನ ಸುಮಾರು 24 ದಿನಗಳ ಅಂತರವನ್ನು 72ರಿಂದ ಗುಣಿಸಿ ನೋಡಿ. ಬಿಸುವೂ ವಿಷುವವೂ ಒಂದೇ ದಿನ ಬೀಳುತ್ತಿದ್ದದ್ದು ಸುಮಾರು 1700 ವರ್ಷಗಳ ಹಿಂದೆ ಎಂದು ತಿಳಿಯುತ್ತದೆ.

ಆಕಾಶದ ಲೆಕ್ಕ ಇಷ್ಟು. ನೆಲದ ಲೆಕ್ಕ ಅಷ್ಟು ನುಣುಪಾಗಿರಲಿಲ್ಲ. ಬಿಸುವಿನಂದು ಗೇಣಿ ಒಕ್ಕಲುಗಳು ತಾವು ಬೆಳೆದ ಸೌತೆ, ಕುಂಬಳ, ತೆಂಗಿನಕಾಯಿಗಳನ್ನು ಹೊತ್ತು ಧಣಿಗಳ ಅಂಗಳಕ್ಕೆ ಹೋಗಿ ಕಾಣಿಕೆ ಒಪ್ಪಿಸುವ ಪದ್ಧತಿ ಇತ್ತು. ಮೂಲಗೇಣಿಯವರಿಗೆ ಭೂಮಿ ಕಾಯಂ. ಚಾಲಗೇಣಿಯವರನ್ನು ಧಣಿ ಬಿಡಿಸಬಹುದಾಗಿತ್ತು. ಆದ್ದರಿಂದ ಆ ಸೌತೆಕಾಯಿಯಲ್ಲಿ ಪ್ರೀತಿ ಎಷ್ಟು, ಅಂಜಿಕೆ ಎಷ್ಟು ಎಂದು ತೂಗುವುದು ಕಷ್ಟ. ಹಳೆಯ ಬಿಸುವನ್ನು ನೆನೆದು ಹಿಗ್ಗುವವರು ಇದನ್ನು ಹೇಳದೆ ಬಿಡುತ್ತಾರೆ. ಹಾಗೆ ಬಿಡುವುದು ಸರಿಯಲ್ಲ ಎಂದು ನನ್ನ ಎಣಿಕೆ. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವರು ಅರ್ಜಿ ಹಾಕಿ ಒಡೆಯರಾದರು. ಕಾಣಿಕೆಯ ಬುಟ್ಟಿ ಕ್ರಮೇಣ ಇಳಿಯಿತು.

ಇತ್ತ ಜನ ಊರು ಬಿಡುವುದು ಹೊಸತೇನೂ ಅಲ್ಲ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಬಂಟರ ಸಂಘ 1927ರಲ್ಲಿ ಹುಟ್ಟಿದವು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಕೊಲ್ಲಿ ದೇಶಗಳ ದಾರಿ ತೆರೆಯಿತು. ಆಗ ಮುಂಬಯಿಗೆ ಹೋಗಿ ವಿಮಾನ ಹತ್ತಬೇಕಿತ್ತು. ಮಂಗಳೂರಿನಿಂದಲೇ ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಿ.

ಅಲ್ಲಿ ಬಿಸು ಎರಡಾಗಿ ಒಡೆಯಿತು. ಮನೆಯೊಳಗಿನ ಕಣಿ ಸಂಕ್ರಮಣದ ಲೆಕ್ಕದಂತೆಯೇ ನಡೆಯುತ್ತದೆ. ಸಭಾಂಗಣದ ಬಿಸು ಪರ್ಬ ರಜೆಯ ಲೆಕ್ಕ ನೋಡುತ್ತದೆ. ದುಬೈಯಲ್ಲಿ ಹಲವು ವರ್ಷ ಅದು ಶುಕ್ರವಾರಕ್ಕೆ ಕಾಯಬೇಕಿತ್ತು. 2022ರಿಂದ ಅಲ್ಲಿ ಶನಿವಾರ, ಭಾನುವಾರ ವಾರದ ರಜೆ. ಅಮೆರಿಕದಲ್ಲಿ ತೊಡಕು ಇನ್ನೊಂದು ಬಗೆಯದು. ಸಂಕ್ರಮಣ ಇಡೀ ಭೂಮಿಗೆ ಒಂದೇ ಕ್ಷಣ. ನಮ್ಮಲ್ಲಿ 14ರ ನಸುಕಿನ 3 ಗಂಟೆಗೆ ಅದು ಘಟಿಸಿದರೆ ನ್ಯೂಜೆರ್ಸಿಯ ಗಡಿಯಾರದಲ್ಲಿ 13ರ ಸಂಜೆ ಐದೂವರೆ. ಅಲ್ಲಿನವರು ಕಣಿ ಇಡಬೇಕಾದ ದಿನ ಯಾವುದು? ಲೆಕ್ಕ ಹಾಕಿ ಉತ್ತರವನ್ನು ನೀವೇ ಯೋಚಿಸಿ.

ಕೊಲ್ಲಿಯ ಅಂಗಡಿಗಳಿಗೆ ಮಲಯಾಳಿಗಳ ವಿಷುವಿಗೆಂದು ಬಾಳೆಲೆ, ಸೌತೆಕಾಯಿ, ಕೊನ್ನೆ ಹೂವು ಬರುತ್ತವೆ. ತುಳುವರ ಕಣಿಗೂ ಅದೇ ಆಸರೆ. ಧಣಿಯ ಮೊಮ್ಮಗ, ಒಕ್ಕಲಿನ ಮೊಮ್ಮಗ ಒಂದೇ ಸಾಲಿನಲ್ಲಿ ನಿಂತು ಒಂದೇ ದರಕ್ಕೆ ಸೌತೆಕಾಯಿ ಕೊಳ್ಳುತ್ತಾರೆ. ಇದು ಸಣ್ಣ ಸಂಗತಿಯಲ್ಲ. ಆದರೆ ಊರಿನಲ್ಲಿ ಅದೇ ದಿನ ಗದ್ದೆಗೆ ಇಳಿದು ಒಂದು ಹಿಡಿ ಬೀಜ ಹಾಕುವ ಕ್ರಮಕ್ಕೆ ಅಲ್ಲಿ ಜಾಗವಿಲ್ಲ. ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ಊರಿನಲ್ಲೂ ಆ ಜಾಗ ಕಿರಿದಾಗಿದೆ.

ಆ ದಿನ ನಾವು ಕಣಿಯ ಚಿತ್ರೀಕರಣ ಮುಗಿಸುವ ಹೊತ್ತಿಗೆ ಆರು ಗಂಟೆ. ದುಬೈಯಲ್ಲಿ ಆಗ ನಾಲ್ಕೂವರೆ. ಅಜ್ಜಿ ಮಗಳಿಗೆ ಮೊಬೈಲಿನಲ್ಲಿ ಕರೆ ಮಾಡಿಸಿದರು. ತೆರೆಯ ಮೇಲೆ ನಿದ್ದೆಗಣ್ಣಿನ ಒಬ್ಬಳು ಪುಟ್ಟ ಹುಡುಗಿ, ಅವಳ ಕಣ್ಣು ಮುಚ್ಚಿ ಹಿಡಿದ ತಾಯಿಯ ಕೈ. ಅಜ್ಜಿ ಫೋನನ್ನು ಕಣಿಯ ಮುಂದೆ ಹಿಡಿದರು. ಎಣ್ಣೆ ದೀಪದ ಬೆಳಕಿನಲ್ಲಿ ಚಿತ್ರ ಮಸುಕಾಗಿ ಕಂಡಿತು. ಅವರು ನಮ್ಮ ಕಡೆ ತಿರುಗಿ, "ಈಗ ನಿಮ್ಮ ಲೈಟು ಹಾಕಿ ಮಗಾ" ಎಂದರು.