ಸರ್ವರ್ ಗಡಿಯಾರ ಮತ್ತು ನಮ್ಮ ಧಾರವಾಡದ ಟೈಮು

ಎರಡು ವರ್ಷದ ಹಿಂದಿನ ಮಾತು. ನಮ್ಮ ಡೇಟಾಬೇಸಿನಿಂದ ಒಂದು ಟೇಬಲ್ ಮಾಯವಾಗಿತ್ತು. ಲಾಗ್ ತೆಗೆದು ನೋಡಿದರೆ ಟೈಮ್ 19:10. ಆ ದಿನ ಸಂಜೆ ಏಳರ ಹೊತ್ತಿಗೆ ಲಾಗಿನ್ ಆಗಿದ್ದವನು ನನ್ನ ಪಕ್ಕದ ಸೀಟಿನ ಗೆಳೆಯ ಒಬ್ಬನೇ. "ನಾ ಅಲ್ಲೋ ಮಾರಾಯ" ಅಂದ, ಯಾರೂ ನಂಬಲಿಲ್ಲ. ಮರುದಿನ ಗೊತ್ತಾಯ್ತು, ಆ ಸರ್ವರ್ ಯುಟಿಸಿಯಲ್ಲಿತ್ತು! ಐದೂವರೆ ತಾಸು ಕೂಡಿಸಿದರೆ ರಾತ್ರಿ 12:40. ಆ ಹೊತ್ತಿಗೆ ಓಡುತ್ತಿದ್ದದ್ದು ನಾನೇ ಬರೆದ ಕ್ರಾನ್ ಸ್ಕ್ರಿಪ್ಟು...

ಅವತ್ತಿನಿಂದ ಈ ಐದೂವರೆಯ ಬೆನ್ನು ಹತ್ತಿದೆ. ಲಿನಕ್ಸ್ ಸರ್ವರುಗಳಲ್ಲಿ ಟಿಜೆಡ್‌ಡೇಟಾ ಅಂತ ಒಂದು ಪ್ಯಾಕೇಜ್ ಇರುತ್ತದೆ. ಅದರಲ್ಲಿ 'ಏಷ್ಯಾ/ಕೋಲ್ಕತಾ' ತೆರೆದರೆ ಇತಿಹಾಸದ ಪುಸ್ತಕವನ್ನೇ ತೆರೆದಂತೆ. ಮೊದಲು ಕಲ್ಕತ್ತೆಯ ಸ್ಥಳೀಯ ಸಮಯ, 5:53. ನಂತರ 1870ರಿಂದ 5:21:10. ಇದು ಮದ್ರಾಸ್ ಟೈಮ್. 1906ರ ಜನವರಿ 1ರಿಂದ 5:30. ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ 15ರವರೆಗೆ, 6:30!

ಇದರಲ್ಲಿ ನಮ್ಮೂರು ಎಲ್ಲಿ? ಧಾರವಾಡ ಇರುವುದು ಹೆಚ್ಚುಕಡಿಮೆ 75 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ನಮ್ಮ ಸೂರ್ಯನ ಟೈಮು ಗ್ರೀನಿಚ್‌ಗಿಂತ ಸರಿಯಾಗಿ ಐದು ತಾಸು ಮುಂದೆ. ಆಗ ನಾವಿದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ, ಮುಂಬಯಿ ಟೈಮು 4:51. ಆದರೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತಲ್ಲ, ಭಾರತದ ರೈಲುಗಳು ಓಡುತ್ತಿದ್ದದ್ದು ಮದ್ರಾಸ್ ಟೈಮಿನ ಮೇಲೆ. ಅಂದರೆ ಹುಬ್ಬಳ್ಳಿ ಸ್ಟೇಷನ್ನಿನ ಗಡಿಯಾರ ನೆತ್ತಿಯ ಮೇಲಿನ ಸೂರ್ಯನಿಗಿಂತ ಸುಮಾರು ಇಪ್ಪತ್ತು ನಿಮಿಷ ಮುಂದೆ! ಪ್ರಾಂತ್ಯದ ರಾಜಧಾನಿಗೆ ಒಂದು ಟೈಮು, ರೈಲಿಗೆ ಒಂದು, ಸೂರ್ಯನಿಗೆ ಒಂದು. ಎರಡು ಸರ್ವರಿನ ಲಾಗ್ ತಾಳೆ ಮಾಡುವ ನಮ್ಮ ಗೋಳು ಆಗಿನ ಜನರಿಗೂ ಇತ್ತು ನೋಡ್ರಿ.

1906ರಲ್ಲಿ ಭಾರತೀಯ ಕಾಲಮಾನ ಬಂದರೂ ಜನ ಸುಲಭಕ್ಕೆ ಒಪ್ಪಲಿಲ್ಲ. ಕಲ್ಕತ್ತಾ ತನ್ನ ಟೈಮನ್ನು 1948ರವರೆಗೆ, ಮುಂಬಯಿ 1955ರವರೆಗೆ ಇಟ್ಟುಕೊಂಡಿತ್ತು. ಟಿಜೆಡ್‌ಡೇಟಾದಲ್ಲಿ ಮುಂಬಯಿಗೆ ಬೇರೆ ಸಾಲೇ ಇಲ್ಲ. ಹಾಗಾಗಿ ಹಳೆಯ ದಾಖಲೆಗಳ ಸಮಯವನ್ನು ಸಾಫ್ಟ್‌ವೇರಿಗೆ ಕೊಟ್ಟು ಕಣ್ಣುಮುಚ್ಚಿ ನಂಬಬೇಡಿ.

ಟೈಮಿನ ಜಗಳ ಅಲ್ಲಿಗೆ ಮುಗಿಯಲಿಲ್ಲ. ಭೂಮಿ ತಿರುಗುವ ವೇಗಕ್ಕೆ ಸರಿಹೊಂದಿಸಲು 1972ರಿಂದ 27 ಸಲ ಯುಟಿಸಿಗೆ ಒಂದೊಂದು ಸೆಕೆಂಡ್ ಸೇರಿಸಿದ್ದಾರೆ. ಅದಕ್ಕೆ ಲೀಪ್ ಸೆಕೆಂಡ್ ಅನ್ನುತ್ತಾರೆ. 2012ರ ಜುಲೈ 1, ಭಾನುವಾರ, ನಮ್ಮಲ್ಲಿ ಬೆಳಗಿನ ಐದೂವರೆ. ಆ ಒಂದು ಸೆಕೆಂಡಿಗೆ ಲಿನಕ್ಸ್ ಕರ್ನಲ್ಲಿನ ಟೈಮರ್ ಎಡವಿತು. ಜಾವಾ, ಮೈಎಸ್‌ಕ್ಯುಎಲ್ ಓಡಿಸುತ್ತಿದ್ದ ಎಷ್ಟೋ ಸರ್ವರುಗಳ ಸಿಪಿಯು ನೂರಕ್ಕೆ ಹೋಗಿ ಕೂತಿತು. ರೆಡಿಟ್ ಕೂಡ ನಿಂತಿತ್ತು. ಮದ್ದು ಏನು ಗೊತ್ತೇ? ಡೇಟ್ ಕಮಾಂಡಿನಿಂದ ಇದ್ದ ಸಮಯವನ್ನೇ ಮತ್ತೊಮ್ಮೆ ಸೆಟ್ ಮಾಡುವುದು, ಅಷ್ಟೇ! ಲೀಪ್ ಸೆಕೆಂಡಿನ ಪದ್ಧತಿಯನ್ನು 2035ರೊಳಗೆ ಬದಲಿಸಬೇಕೆಂದು 2022ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ತೂಕ-ಅಳತೆ ಸಮ್ಮೇಳನ ತೀರ್ಮಾನಿಸಿದೆ.

ಸರ್ವರ್ ನೋಡಿಕೊಳ್ಳುವವರಿಗೆ ನನ್ನ ನಾಲ್ಕು ಮಾತು:

1. ಎಲ್ಲಾ ಸರ್ವರುಗಳನ್ನೂ ಯುಟಿಸಿಯಲ್ಲೇ ಇಡಿ. ಸ್ಕ್ರೀನಿನ ಮೇಲೆ ತೋರಿಸುವಾಗ ಮಾತ್ರ ಐದೂವರೆ ಕೂಡಿಸಿ.
2. ಲಾಗಿನ ಪ್ರತಿ ಸಾಲಿನಲ್ಲೂ ಸಮಯದ ಜೊತೆ +00:00 ಅಥವಾ +05:30 ಇರಲಿ. ಅದೊಂದಿದ್ದಿದ್ದರೆ ನನ್ನ ಗೆಳೆಯನಿಗೆ ಆ ಸಂಕಟ ಇರುತ್ತಿರಲಿಲ್ಲ.
3. ಕ್ರೋನಿ ಹಾಕಿ, ಓಡುತ್ತಿದೆಯೇ ಅಂತ ಆಗಾಗ ನೋಡಿ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಗಡಿಯಾರವನ್ನು ಎನ್‌ಐಸಿ ಅಥವಾ ದೆಹಲಿಯ ಎನ್‌ಪಿಎಲ್‌ನ ಎನ್‌ಟಿಪಿ ಸರ್ವರಿಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರಿಗೆ ಜೋಡಿಸಬೇಕು. ಲಾಗುಗಳನ್ನು 180 ದಿನ ಇಡಬೇಕು.
4. ಟಿಜೆಡ್‌ಡೇಟಾ ಅಪ್‌ಡೇಟ್ ಬಿಡಬೇಡಿ. ನಮ್ಮ ದೇಶದ ಟೈಮು ಬದಲಾಗದಿದ್ದರೂ ನಿಮ್ಮ ಗ್ರಾಹಕರ ದೇಶದ್ದು ಬದಲಾಗಬಹುದು.

ಅಂದ ಹಾಗೆ, ವಿಂಡೋಸಿನಲ್ಲಿ ನಮ್ಮ ಟೈಮ್‌ಝೋನ್ ಹುಡುಕಿದರೆ 'ಚೆನ್ನೈ, ಕೋಲ್ಕತಾ, ಮುಂಬೈ, ನ್ಯೂ ಡೆಲ್ಲಿ' ಅಂತ ಬರುತ್ತದೆ. ಒಂದು ಕಾಲಕ್ಕೆ ತಮ್ಮ ತಮ್ಮದೇ ಟೈಮು ಅಂತ ಹಟ ಹಿಡಿದಿದ್ದ ಮೂರು ಊರುಗಳು ಈಗ ಒಂದೇ ಸಾಲಿನಲ್ಲಿ!

ನನ್ನ ಗೆಳೆಯನ ಕಥೆ? ಎಲ್ಲರ ಮುಂದೆ ತಪ್ಪು ನನ್ನದೇ ಅಂತ ಒಪ್ಪಿಕೊಂಡೆ. ಶನಿವಾರ ಲೈನ್ ಬಜಾರಿಗೆ ಕರೆದೊಯ್ದು ಅರ್ಧ ಕೆಜಿ ಪೇಢೆ ಕೊಡಿಸಿದೆ. ಪುಣ್ಯಾತ್ಮ ನಕ್ಕು ತಿಂದ. ಆದರೆ ಈಗಲೂ ನಾನು ಟೈಮ್ ಎಷ್ಟು ಅಂತ ಕೇಳಿದರೆ "ಯುಟಿಸಿನೋ, ನಮ್ಮದೋ?" ಅನ್ನುತ್ತಾನೆ.